ಚಕಮಕಿ ಕಲ್ಲಿಗಿಂತ ಮೊದಲು ಸೀಟಿ

ಮಾನ್ಯರೇ,

ಡಿಸೆಂಬರಿನಲ್ಲಿ ನಿಮ್ಮ ಮಗ ಮೂವರು ಗೆಳೆಯರೊಂದಿಗೆ ಕುಮಾರಪರ್ವತ ಹತ್ತಲಿದ್ದಾನೆ, ಕಾಡಿನಲ್ಲಿ ಜೀವ ಉಳಿಸಿಕೊಳ್ಳುವ ವಿದ್ಯೆಗಳ ಬಗ್ಗೆ ಲೇಖನ ಹಾಕಿ, ಚಕಮಕಿ ಕಲ್ಲಿನಿಂದ ಬೆಂಕಿ ಹೊತ್ತಿಸುವುದು, ಬಳ್ಳಿ ಕಡಿದು ನೀರು ಕುಡಿಯುವುದು ಅದರಲ್ಲಿರಲಿ ಎಂದು ಬರೆದಿದ್ದೀರಿ. ಅಂಥ ಲೇಖನ ಹಾಕುವುದಿಲ್ಲ. ಆ ಬೆಟ್ಟ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಅಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಳೆಗಾಲ ಮುಗಿದು ಒಣಗತೊಡಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಇನ್ನು ಗುರುತಿಲ್ಲದ ಬಳ್ಳಿಯ ನೀರಿಗಿಂತ ಮೂರು ಲೀಟರ್ ಹೊತ್ತುಕೊಂಡು ಹೋಗುವುದೇ ಸಲೀಸು.

ಕಲಿಯಬೇಕಾದದ್ದು ಬೇರೆ: ದಾರಿ ತಪ್ಪಿತು ಅನಿಸಿದ ಕೂಡಲೇ ಕುಳಿತುಬಿಡುವುದು.

ನಾನು ಕೂರಲಿಲ್ಲ. ಘಟ್ಟದ ಹುಲ್ಲುಗಾವಲಿನಲ್ಲಿ ಮಂಜು ಕವಿದಾಗ, ಮುಂದಿದ್ದ ಗೆಳೆಯನ ಕೆಂಪು ಚೀಲ ಮೊದಲು ಬೂದುಬಣ್ಣವಾಯಿತು, ಆಮೇಲೆ ಕಾಣದಾಯಿತು. ದನದ ಜಾಡನ್ನೇ ದಾರಿಯೆಂದು ಇಳಿದೆ. ಹಳ್ಳದ ಸದ್ದು ಕೇಳಿಸಿತು. ನೀರು ಹರಿದತ್ತ ನಡೆದರೆ ಊರು ಸಿಗುತ್ತದೆಂದು ಯಾರೋ ಹೇಳಿದ್ದ ನೆನಪು. ಅರ್ಧ ಗಂಟೆಯ ಮೇಲೆ ಆ ಹಳ್ಳ ಪಾಚಿಗಟ್ಟಿದ ಬಂಡೆಯಿಂದ ಕೆಳಕ್ಕೆ ಧುಮುಕಿತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ನಾನೂ ಧುಮುಕುತ್ತಿದ್ದೆ. ನಮ್ಮ ಘಟ್ಟದ ಹಳ್ಳಗಳ ಸ್ವಭಾವವೇ ಅದು. ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಮೂರು ಮೂರು ಪೆಟ್ಟು ಹೊಡೆಯುತ್ತ ಕುಳಿತೆ. ಗೆಳೆಯರು ಬಂದದ್ದು ಆ ಸದ್ದಿಗೆ. ಅಂದಿನಿಂದ ನನ್ನ ಕೊರಳಲ್ಲಿ ಸೀಟಿ ಇರುತ್ತದೆ. ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ: ಅದು ಆಪತ್ತಿನ ಕರೆ.

ಎರಡನೆಯದು ನಿಮ್ಮ ಕೆಲಸ. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು ಎಂದು ಚೀಟಿ ಬರೆಸಿ ಇಟ್ಟುಕೊಳ್ಳಿ. ಯಾವ ಗಂಟೆ ದಾಟಿದರೆ 112ಕ್ಕೆ ಕರೆ ಮಾಡಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಡಿಸೆಂಬರಿನಲ್ಲಿ ಮರದಡಿ ಐದೂವರೆಗೇ ಕತ್ತಲು ಕವಿಯುತ್ತದೆ. ಟಾರ್ಚ್ ಮೊಬೈಲಿನದ್ದಲ್ಲದೆ ಬೇರೆಯೇ ಇರಲಿ. ತುದಿಯಲ್ಲಿ ಡೇರೆ ಹಾಕಲು ಅನುಮತಿಯಿಲ್ಲ, ಆ ಆಸೆ ಬೇಡ.

ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಕಾಲು ಅಲುಗದಂತೆ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು.

ರಕ್ತ ಹೀರುವ ಇಂಬಳಕ್ಕೆ (ಜಿಗಣೆಗೆ) ಉಪ್ಪೋ ಸುಣ್ಣವೋ ಎಂದೂ ಕೇಳಿದ್ದೀರಿ. ಎರಡೂ ಆದೀತು, ಆದರೆ ಆ ಹೊತ್ತಿಗೆ ಇಂಬಳ ಕಡಿಮೆ. ಆಗ ಶುರುವಾಗುವುದು ಉಣುಗಿನ ಕಾಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗು. ತುಂಬು ತೋಳಿನ ಅಂಗಿ ಹಾಕಲಿ, ಮಂಗ ಸತ್ತು ಬಿದ್ದಲ್ಲಿ ಸುಳಿಯದಿರಲಿ. ಬಂದ ವಾರದೊಳಗೆ ಜ್ವರ ಕಾಣಿಸಿಕೊಂಡರೆ, ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ತಾನಾಗಿಯೇ ಹೇಳಲಿ.

– ಸಂ.