ಹಸು ಮಾರುವ ಮೊದಲು ಹುಲ್ಲು ನೋಡಿ

"ನಾಲ್ಕು ಹಸು, ಮೇವು ಬರೀ ಒಣಹುಲ್ಲು. ಬೇಸಿಗೆಯಲ್ಲಿ ಹಾಲು ಇಳಿಯುತ್ತೆ. ಮೀಥೇನ್ ಕಡಿಮೆ ಮಾಡೋಕೆ ಹಸು ಮಾರಬೇಕಾ?" ಅಂತ ಕೇಳಿದ್ದೀರಿ. ಮಾರೋ ಮಾತು ಆಮೇಲೆ. ಮೀಥೇನ್ ಅಂದ್ರೆ ಭೂಮಿಯ ಬಿಸಿ ಏರಿಸೋ ಅನಿಲ; ಹಸುವಿನಿಂದ ಅದು ಬಹುಪಾಲು ಬರೋದು ಸಗಣಿಯಿಂದಲ್ಲ, ತೇಗಿನಿಂದ. ಮೇವು ಒರಟಾದಷ್ಟೂ ಲೀಟರ್ ಹಾಲಿಗೆ ಬೀಳೋ ಅನಿಲ ಜಾಸ್ತಿ.

ಅದಕ್ಕೇ ಒಣಹುಲ್ಲನ್ನ ಸುಲಭವಾಗಿ ಅರಗೋ ಹಾಗೆ ಮಾಡಿ: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50-60 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಪದರ ಪದರವಾಗಿ ತುಳಿದು, ಗಾಳಿಯಾಡದಂತೆ ಹೊದಿಸಿ 3 ವಾರ ಬಿಡಿ. ತೆಗೆದಾಗ ಮೂಗಿಗೆ ಹೊಡೆಯೋ ಘಾಟು ಆರಿದ ಮೇಲೆ ಹಾಕಿ. ಕರುಗಳಿಗೆ ಬೇಡ. ಯೂರಿಯಾ ನೀರು ಕುಡಿದರೆ ಹಸು ಸತ್ತೇ ಹೋಗಬಹುದು, ಹುಷಾರು!

ಬೇಸಿಗೆಯಲ್ಲಿ ಹೆಚ್ಚು ಮೇವು ರಾತ್ರಿ ಕೊಡಿ. ಅರಗಿಸುವಾಗಲೂ ಮೈ ಬಿಸಿಯೇರುತ್ತೆ. ನೆರಳು, ನೀರು ಹೇಗೂ ಬೇಕು. ಮಾರೋದೇ ಆದರೆ, ಗಬ್ಬವೂ ಕಟ್ಟದೆ ವರ್ಷಗಟ್ಟಲೆ ಬರಡಾಗಿ ನಿಂತಿರೋದನ್ನ ಮಾತ್ರ.