ಮೆಣಸಿನಕಾಯಿ ಬಿಡಿಸಿದ ಮೇಲೆ: ಬಣ್ಣ, ಖಾರ ಉಳಿಸಿಕೊಳ್ಳುವ ಬಗೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಣಸಿನಕಾಯಿ ಒಣಗಿಸುವುದರ ಬಗ್ಗೆಯೇ ಇವೆ. ಗೊಬ್ಬರ, ಔಷಧಿ, ಕೂಲಿಗೆ ಸಾಲ ಮಾಡಿ ಸುರಿದ ಹಣವೆಲ್ಲ ಕೊನೆಗೆ ಕಣದ ಮೇಲಿನ ಎರಡು ವಾರಗಳಲ್ಲಿ ತೂಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಯಿ ಬಿಡಿಸಿದ ದಿನವೇ ತಾಡಪತ್ರಿ ಮೇಲೆ ಹರವುತ್ತೇವೆ. ಒಣಗಿದಾಗ ಬಿಳಿಗಾಯಿ ಬಹಳ ಬರುತ್ತಿದೆ. ಪಕ್ಕದ ಹೊಲದವರು ಎರಡು ದಿನ ಗುಡ್ಡೆ ಹಾಕಿ ಆಮೇಲೆ ಹರವುತ್ತಾರೆ. ಯಾವುದು ಸರಿ? (ಸಿರುಗುಪ್ಪ ತಾಲ್ಲೂಕು)

ಉತ್ತರ: ಪಕ್ಕದ ಹೊಲದವರದು ಸರಿ, ಆದರೆ ಗುಡ್ಡೆ ಹಾಕುವುದಕ್ಕೂ ಒಂದು ಕ್ರಮವಿದೆ.

ಗಿಡದಿಂದ ಬಿಡಿಸಿದ ಕಾಯಿ ತಕ್ಷಣ ಸಾಯುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಒಂದು ಬಿಡಿಸುವಿಕೆಯಲ್ಲಿ ಪೂರ್ತಿ ಕೆಂಪಾದದ್ದು, ಅರ್ಧ ಕಂದು ಅರ್ಧ ಕೆಂಪಿನದು, ಎಲ್ಲ ಕೂಡಿಯೇ ಬರುತ್ತದೆ. ಈ ಅರೆಬಣ್ಣದ ಕಾಯಿಗೆ ನೆರಳು, ಹಿತವಾದ ತಾಪ ಸಿಕ್ಕರೆ ಹಸಿರು ಕರಗುತ್ತ ಕೆಂಪು ಕಟ್ಟುತ್ತದೆ. 22ರಿಂದ 25 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಒಳ್ಳೆಯ ತಾಪಮಾನ. ಅದೇ ಕಾಯಿಯನ್ನು ಹಸಿಯಾಗಿದ್ದಾಗಲೇ ಸುಡುಬಿಸಿಲಿಗೆ ಒಡ್ಡಿದರೆ ಹಸಿರು ಹೋಗುತ್ತದೆ, ಕೆಂಪು ಬರಲು ಸಮಯ ಸಿಗುವುದಿಲ್ಲ. ಉಳಿಯುವುದು ಬಿಳಿ ಅಥವಾ ಪೇಲವ ಹಳದಿ ಮಚ್ಚೆ. ಆಮೇಲೆ ಎಷ್ಟು ಒಣಗಿಸಿದರೂ ಅದು ಕೆಂಪಾಗದು.

ಹೀಗೆ ಮಾಡಿ. ಶೆಡ್ಡಿನಲ್ಲೋ ಮರದ ದಟ್ಟ ನೆರಳಿನಲ್ಲೋ ಮೊಣಕಾಲೆತ್ತರಕ್ಕೆ ಮೀರದಂತೆ ಗುಡ್ಡೆ ಹಾಕಿ, ಗೋಣಿತಟ್ಟು ಹೊದಿಸಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರು ಕಟ್ಟುತ್ತದೆ. ಒಂದರಿಂದ ಎರಡು ದಿನ ಸಾಕು. ದಿನಕ್ಕೆರಡು ಸಲ ಗುಡ್ಡೆಯ ನಡುವಿಗೆ ಮೊಳಕೈವರೆಗೆ ಕೈ ಹಾಕಿ ನೋಡಿ. ಬಿಸಿ ತಗುಲಿದರೆ, ಹುಳಿ ವಾಸನೆ ಬಂದರೆ ಕೂಡಲೇ ಒಡೆದು ಹರವಿ. ಎರಡು ದಿನ ಒಳ್ಳೆಯದಾದರೆ ನಾಲ್ಕು ದಿನ ಇನ್ನೂ ಒಳ್ಳೆಯದು ಎಂದು ಬಿಟ್ಟವರ ಗುಡ್ಡೆ ತಳದಲ್ಲಿ ಕೊಳೆತಿರುತ್ತದೆ. ಪೂರ್ತಿ ಹಸಿರಿರುವ ಕಾಯಿ ಗುಡ್ಡೆಯಲ್ಲೂ ಕೆಂಪಾಗುವುದಿಲ್ಲ, ಅದನ್ನು ಮೊದಲೇ ಆರಿಸಿ ತೆಗೆಯಿರಿ. ಗಿಡದಲ್ಲೇ ಕೆಂಪಾಗಿ ಸ್ವಲ್ಪ ಬಾಡಿದ ಕಾಯಿಗೆ ಗುಡ್ಡೆಯ ಅಗತ್ಯವೇ ಇಲ್ಲ. ನಮ್ಮನ್ನು ಕೇಳಿದರೆ, ಕೂಲಿಯಾಳು ಸಿಕ್ಕ ದಿನ ಎಲ್ಲವನ್ನೂ ಬಿಡಿಸಿಬಿಡುವ ಬದಲು ಕಾಯಿಯನ್ನು ಬಾಡುವವರೆಗೆ ಗಿಡದಲ್ಲೇ ಬಿಡುವುದು ಎಲ್ಲಕ್ಕಿಂತ ಒಳ್ಳೆಯ ಬಣ್ಣ ಕೊಡುತ್ತದೆ. ಕೂಲಿಯ ಕಷ್ಟ ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇವೆ.

ಇನ್ನೊಂದು ವಿಷಯ. ಬಿಳಿಗಾಯಿಯೆಲ್ಲ ಬಿಸಿಲಿನದೇ ತಪ್ಪಲ್ಲ. ಒಂದು ಬಿಳಿಗಾಯಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಮಚ್ಚೆ ಕಾಗದದಂತೆ ನುಣುಪಾಗಿದ್ದು ಚುಕ್ಕೆಗಳಿಲ್ಲದಿದ್ದರೆ ಅದು ಬಿಸಿಲಿನ ಹೊಡೆತ. ಮಚ್ಚೆಯೊಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಉಂಗುರ ಉಂಗುರವಾಗಿ ಕೂತಿದ್ದರೆ ಅದು ಹಣ್ಣು ಕೊಳೆ ರೋಗ, ಹೊಲದಿಂದಲೇ ಬಂದದ್ದು. ಅದಕ್ಕೆ ಕಣದಲ್ಲಿ ಮದ್ದಿಲ್ಲ. ಆ ಕಾಯಿಯ ಬೀಜವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲೇಬೇಡಿ, ರೋಗ ಬೀಜದ ಜೊತೆಗೇ ಬರುತ್ತದೆ.

ಪ್ರಶ್ನೆ: ಹಗಲು ಹರವಿದ ಕಾಯಿಯನ್ನು ರಾತ್ರಿಯೂ ಹಾಗೇ ಬಿಟ್ಟರೆ ಬೇಗ ಒಣಗುವುದಿಲ್ಲವೇ? (ಮಸ್ಕಿ)

ಉತ್ತರ: ಇಲ್ಲ. ಇಬ್ಬನಿ ಕುಡಿದು ಬೆಳಗ್ಗೆ ಮತ್ತೆ ತೂಕ ಏರಿರುತ್ತದೆ. ಹೀಗೆ ನೆನೆದು ಒಣಗಿ ನೆನೆದು ಒಣಗಿದ ಕಾಯಿ ಮಬ್ಬಾಗುತ್ತದೆ. ಹಗಲು ಎರಡು ಮೂರು ಇಂಚಿಗಿಂತ ದಪ್ಪವಾಗದಂತೆ ಹರವಿ, ಆಗಾಗ ಕೈಯಾಡಿಸಿ. ಹೊತ್ತಿಳಿಯುವಾಗ ಗುಡ್ಡೆ ಮಾಡಿ, ಮೊದಲು ಗೋಣಿತಟ್ಟು, ಅದರ ಮೇಲೆ ತಾಡಪತ್ರಿ. ರಾತ್ರಿಯ ಗುಡ್ಡೆಯಿಂದ ಇನ್ನೊಂದು ಲಾಭವಿದೆ. ಹಗಲಲ್ಲಿ ಸಿಪ್ಪೆ ಮಾತ್ರ ಒಣಗಿ ತೊಟ್ಟಿನ ಬುಡ, ಒಳಗಿನ ಬಿಳಿ ಎಳೆ ಹಸಿಯಾಗಿಯೇ ಉಳಿದಿರುತ್ತವೆ. ರಾತ್ರಿ ಒಳಗಿನ ಆ ತೇವ ಸಿಪ್ಪೆಗೆ ಹರಿದು ಬರುತ್ತದೆ, ಮರುದಿನದ ಬಿಸಿಲು ಅದನ್ನು ತೆಗೆಯುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆಯೇ ಬಿಚ್ಚಿ.

ಎರೆ ಹೊಲದಲ್ಲೇ ಕಣ ಮಾಡುವವರು ಗಮನಿಸಬೇಕು: ಎರೆಮಣ್ಣು ತೇವ ಹಿಡಿದಿಟ್ಟುಕೊಳ್ಳುವ ಮಣ್ಣು. ಒಂದೇ ಪದರದ ಹರಕು ತಾಡಪತ್ರಿಯಾದರೆ ಅಡಿಯಿಂದ ತೇವ ಏರುತ್ತದೆ. ದಪ್ಪ ಹಾಳೆ ಹಾಸಿ, ಇಲ್ಲವೇ ಸಿಮೆಂಟ್ ಕಣ ಬಳಸಿ.

ಪ್ರಶ್ನೆ: ಬಿಸಿಲಿಗೆ ಹೆಚ್ಚು ದಿನ ಬಿಟ್ಟರೆ ಖಾರ ಇಳಿಯುತ್ತದೆಯೇ? ಖರೀದಿದಾರರು ಖಾರವೇ ಇಲ್ಲ ಎಂದು ದರ ಇಳಿಸಿದರು. (ಮಾನ್ವಿ)

ಉತ್ತರ: ಖಾರಕ್ಕಿಂತ ಬಣ್ಣ ಬೇಗ ಹೋಗುತ್ತದೆ. ಖಾರ ಕೊಡುವ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ಎಳೆಯಲ್ಲಿ, ಅದೂ ಗಿಡದಲ್ಲಿದ್ದಾಗ. ಬೀಜಕ್ಕೆ ಸ್ವಂತ ಖಾರವಿಲ್ಲ, ಎಳೆಯಿಂದ ತಾಗಿದ್ದು ಅಷ್ಟೆ. ಒಣಗಿಸುವುದರಿಂದ ಹೊಸ ಖಾರ ಹುಟ್ಟುವುದಿಲ್ಲ. 100 ಕಿಲೋ ಹಸಿ ಕೆಂಪುಗಾಯಿ ಒಣಗಿ 25ರಿಂದ 30 ಕಿಲೋಗೆ ಬರುತ್ತದೆ, ನೀರು ಹೋದಷ್ಟೂ ಇದ್ದ ಖಾರ ಒತ್ತಾಗುತ್ತದೆ. ಸಾಧಾರಣ ಬಿಸಿಲು ಕ್ಯಾಪ್ಸೈಸಿನ್‌ಗೆ ದೊಡ್ಡ ಪೆಟ್ಟು ಕೊಡುವುದಿಲ್ಲ.

ಖಾರ ಕಡಿಮೆಯಾಗಿದ್ದರೆ ತಳಿಯನ್ನು, ಬೀಜವನ್ನು ನೋಡಿ. ಬ್ಯಾಡಗಿ ಕಡ್ಡಿ, ಡಬ್ಬಿ ಹುಟ್ಟಿನಿಂದಲೇ ಖಾರ ಕಡಿಮೆಯ, ಬಣ್ಣ ಹೆಚ್ಚಿನ ತಳಿಗಳು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದರ ಹಿಂದೆ ಇರುವುದು ಈ ಗುಣವೇ. ಗುಂಟೂರು ತಳಿಗಳಲ್ಲಿ ಖಾರ ಮುಂದೆ, ಬಣ್ಣ ಹಿಂದೆ. ಎರಡನ್ನೂ ಅಕ್ಕಪಕ್ಕ ಬೆಳೆದು ಅದರದ್ದೇ ಬೀಜ ಇಟ್ಟರೆ ಜೇನು, ನೊಣಗಳು ಪರಾಗ ಬೆರೆಸಿ ಮುಂದಿನ ವರ್ಷ ಅದೂ ಅಲ್ಲದ ಇದೂ ಅಲ್ಲದ ಗಿಡಗಳು ಬರುತ್ತವೆ. ನಿಮ್ಮ ದೂರಿಗೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ಬಣ್ಣದ ಮಾತು ಬೇರೆ. ಕೆಂಪು ಕೊಡುವ ಕ್ಯಾಪ್ಸಾಂಥಿನ್ ಬೆಳಕು, ಗಾಳಿ, ಬಿಸಿ ಮೂರಕ್ಕೂ ಹೆದರುವ ವಸ್ತು. ಓಲಿಯೋರೆಸಿನ್ (ಮೆಣಸಿನಕಾಯಿಯ ಬಣ್ಣ, ಖಾರದ ಸಾರ) ತೆಗೆಯುವ ಕಾರ್ಖಾನೆಯವರು ಇದನ್ನು ಆಸ್ಟಾ ಮೌಲ್ಯ ಎಂಬ ಬಣ್ಣದ ಅಳತೆಯಲ್ಲಿ ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ಬಣ್ಣ ಹೆಚ್ಚು. ಒಳ್ಳೆಯ ಬ್ಯಾಡಗಿ ಮಾಲು 150ರ ಆಚೀಚೆ ತೂಗುತ್ತದೆ. ಒಣಗಿದ ಮೇಲೂ ‘ಇನ್ನೆರಡು ದಿನ ಇರಲಿ’ ಎಂದು ಕಣದಲ್ಲಿ ಬಿಟ್ಟ ಪ್ರತಿ ದಿನವೂ ಆ ಅಂಕಿ ಇಳಿಯುತ್ತಿರುತ್ತದೆ. ಯಂತ್ರದ ಡ್ರೈಯರ್ ಬಳಸುವವರು ತಾಪಮಾನವನ್ನು 55ರಿಂದ 60 ಡಿಗ್ರಿಯಲ್ಲೇ ಇಡಿ. ಬೇಗ ಮುಗಿಸುವ ಆಸೆಗೆ ಏರಿಸಿದರೆ ಕಾಯಿಯೊಳಗಿನ ಸಕ್ಕರೆ ಸುಟ್ಟು ಕೆಂಪು ಹೋಗಿ ಕಂದುಗಪ್ಪಾಗುತ್ತದೆ.

ಪ್ರಶ್ನೆ: ಒಣಗಿದ್ದು ಸಾಕು ಎಂದು ತಿಳಿಯುವುದು ಹೇಗೆ? ತೇವಾಂಶ ಅಳೆಯುವ ಮೀಟರ್ ನಮ್ಮಲ್ಲಿಲ್ಲ. (ಕುರುಗೋಡು)

ಉತ್ತರ: ಮುಟ್ಟಬೇಕಾದ ಗುರಿ ಶೇ 10ರಿಂದ 11 ತೇವಾಂಶ. ಮಧ್ಯಾಹ್ನ ಬಿಸಿಲಲ್ಲಿ ಮುಟ್ಟಿ ನಿರ್ಧರಿಸಬೇಡಿ, ಬಿಸಿಗೆ ಎಲ್ಲ ಕಾಯಿಯೂ ಗರಿಗರಿ ಎನಿಸುತ್ತದೆ. ನೆರಳಿನಲ್ಲಿ ಪೂರ್ತಿ ಆರಿದ ಮೇಲೆ ಅಲ್ಲಾಡಿಸಿ: ಬೀಜ ಗಲಗಲ ಅನ್ನಬೇಕು, ತೊಟ್ಟು ಚಟ್ಟನೆ ಮುರಿಯಬೇಕು, ಸಿಪ್ಪೆ ಮಾತ್ರ ಮಡಚಿದರೆ ಬಾಗಬೇಕು. ಸಿಪ್ಪೆಯೂ ಪುಡಿಯಾದರೆ ಅತಿಯಾಗಿ ಒಣಗಿದೆ, ಚೀಲ ತುಂಬುವಾಗ ಬೀಜ ಉದುರಿ ತೂಕ ಹೋಗುತ್ತದೆ.

ತೂಕದ ಲೆಕ್ಕವೂ ನಂಬಿಕೆಗೆ ಅರ್ಹ. ಹರವುವ ದಿನ 10 ಕಿಲೋ ಹಸಿಗಾಯಿಯನ್ನು ಬೇರೆ ಬಲೆಯಲ್ಲಿ ಹರವಿ, ಉಳಿದ ಮಾಲಿನ ಜೊತೆಗೇ ಒಣಗಿಸಿ. ಹಸಿಯಲ್ಲಿ ತೇವಾಂಶ ಶೇ 75 ಇದ್ದರೆ ಅದರಲ್ಲಿ ಒಣ ಪದಾರ್ಥ ಎರಡೂವರೆ ಕಿಲೋ. ಶೇ 10 ತೇವಾಂಶಕ್ಕೆ ಬಂದಾಗ ತೂಕ ಸುಮಾರು 2.8 ಕಿಲೋ ಇರುತ್ತದೆ. ಗಿಡದಲ್ಲೇ ಬಾಡಿದ ಕಾಯಾದರೆ ಇನ್ನೂ ಹೆಚ್ಚು ನಿಲ್ಲುತ್ತದೆ.

ಕೊನೆಯ ಪರೀಕ್ಷೆ ಗಾಜಿನ ಬರಣಿಯದು, ಇದನ್ನು ಬಿಡಬೇಡಿ. ರಾಶಿಯ ಬೇರೆ ಬೇರೆ ಕಡೆಯಿಂದ ಕಾಯಿ ಆರಿಸಿ ಬರಣಿಯ ಮುಕ್ಕಾಲು ಭಾಗ ತುಂಬಿ, ಬಿಗಿಯಾಗಿ ಮುಚ್ಚಿ ನೆರಳಲ್ಲಿಡಿ. ಮರುದಿನ ಗಾಜಿನ ಒಳಮೈ ಮಂಜು ಹಿಡಿದಿದ್ದರೆ ಮಾಲು ಇನ್ನೂ ಹಸಿ. ಗಾಳಿಯ ತೇವ ತೋರಿಸುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೂ ಬರಣಿಯೊಳಗೆ ಇಟ್ಟರೆ ಅನುಮಾನವೇ ಉಳಿಯದು. ಅಂಕಿ 60ರ ಒಳಗಿದ್ದರೆ ಚೀಲ ತುಂಬಬಹುದು, 70 ದಾಟಿದ್ದರೆ ಬೂಷ್ಟು ಖಂಡಿತ.

ಪ್ರಶ್ನೆ: ಒಣಗುವ ಹೊತ್ತಿಗೆ ಅಕಾಲಿಕ ಮಳೆ ಬಂತು. ಬೂಷ್ಟು ಹಿಡಿದ ಕಾಯಿಯನ್ನು ಒರೆಸಿ, ಮತ್ತೆ ಒಣಗಿಸಿ ಮಾರಬಹುದೇ? (ಕಾರಟಗಿ)

ಉತ್ತರ: ಮಾರಬಾರದು, ಮನೆಯಲ್ಲೂ ಬಳಸಬಾರದು. ಈ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರಗಳಿರುತ್ತವೆ. ಅವು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಕ್ಯಾನ್ಸರ್ ತರಬಲ್ಲದು. ಬೂಷ್ಟು ಒರೆಸಿದರೂ ವಿಷ ಒಳಗೇ ಇರುತ್ತದೆ. ಬಿಸಿಲಿಗೂ ಒಗ್ಗರಣೆಯ ಬಿಸಿಗೂ ಅದು ನಾಶವಾಗುವುದಿಲ್ಲ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಕೆಲವೇ ಕಾಯಿಗಳು ಇಡೀ ಲಾಟನ್ನು ಆ ಮಿತಿಯಾಚೆ ದೂಡಬಲ್ಲವು.

ಹೊರಗೆ ಚೆನ್ನಾಗಿ ಕಾಣುವ ಕಾಯಿಯನ್ನೂ ನಂಬಬೇಡಿ. ಅಲ್ಲಲ್ಲಿಂದ ಇಪ್ಪತ್ತು ಕಾಯಿ ತೆಗೆದು ಉದ್ದಕ್ಕೆ ಸೀಳಿ. ಬೀಜದ ಸುತ್ತ ಬೂದು, ಹಸಿರು ಅಥವಾ ಕಪ್ಪು ಪುಡಿ ಕಂಡರೆ ಆ ಭಾಗದ ರಾಶಿಯನ್ನೇ ಬೇರ್ಪಡಿಸಿ.

ಮೋಡ ಕವಿದಾಗ ಮಾಡುವ ದೊಡ್ಡ ತಪ್ಪೆಂದರೆ ತಾಡಪತ್ರಿ ಮುಚ್ಚಿ ಎರಡು ಮೂರು ದಿನ ಹಾಗೇ ಬಿಡುವುದು. ಮಳೆ ನಿಂತ ಗಳಿಗೆಯಲ್ಲೇ ಬಿಚ್ಚಿ, ನೆರಳಿನಲ್ಲಾದರೂ ತೆಳುವಾಗಿ ಹರವಿ, ಫ್ಯಾನ್ ಹಾಕಿ. ಬಿಸಿಲಿಲ್ಲದಿದ್ದರೂ ಗಾಳಿ ಆಡಬೇಕು. ಹೆಚ್ಚು ಎಕರೆ ಬೆಳೆಯುವವರು ಪಾಲಿಹೌಸ್ ಮಾದರಿಯ ಸೌರ ಡ್ರೈಯರ್ ಬಗ್ಗೆ ಯೋಚಿಸಲೇಬೇಕು. ಇಬ್ಬನಿ, ಧೂಳು, ಮಳೆ ಮೂರೂ ತಪ್ಪುತ್ತವೆ, ಒಣಗುವ ದಿನಗಳೂ ಕಡಿಮೆಯಾಗುತ್ತವೆ. ಆದರೆ ತೇವದ ಗಾಳಿ ಹೊರಹೋಗಲು ಮೇಲ್ಗಡೆ ಕಿಂಡಿ ಅಥವಾ ಎಕ್ಸಾಸ್ಟ್ ಫ್ಯಾನ್ ಇರಲೇಬೇಕು. ಇಲ್ಲದಿದ್ದರೆ ಹಾಳೆಯಿಂದ ನೀರು ತೊಟ್ಟಿಕ್ಕಿ ಒಳಗೇ ಬೂಷ್ಟು ಬರುತ್ತದೆ. ವಿನ್ಯಾಸದ ಸಲಹೆಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯ, ಹಗರಿ ಅಥವಾ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ.

ಪ್ರಶ್ನೆ: ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು ಎಲ್ಲರೂ ನೀರು ಚಿಮುಕಿಸುತ್ತಾರೆ. ಸ್ವಲ್ಪವಾದರೆ ತೊಂದರೆಯೇ? (ಸಿಂಧನೂರು)

ಉತ್ತರ: ತೊಂದರೆಯೇ. ಶೇ 10 ತೇವಾಂಶದ 100 ಕಿಲೋ ಮಾಲನ್ನು ಶೇ 15ಕ್ಕೆ ಏರಿಸಲು ಸುಮಾರು 6 ಲೀಟರ್ ನೀರು ಸಾಕು. ಆ 6 ಕಿಲೋ ತೂಕದ ಆಸೆಗೆ ಮುಚ್ಚಿದ ಚೀಲದೊಳಗೆ ಬೂಷ್ಟು ಬೆಳೆಸಿದಂತಾಗುತ್ತದೆ. ಮೆತ್ತಗಾಗಬೇಕೆಂದರೆ ನಸುಕಿನಲ್ಲಿ, ಗಾಳಿಯ ತೇವಕ್ಕೆ ಸಿಪ್ಪೆ ತಾನೇ ಬಾಗುವ ಹೊತ್ತಿಗೆ ತುಂಬಿ. ಎಣ್ಣೆ, ಬಣ್ಣದ ಗೊಡವೆಗಂತೂ ಹೋಗಬೇಡಿ. 2003ರಲ್ಲಿ ಸುಡಾನ್ ಎಂಬ, ಆಹಾರಕ್ಕೆ ಬಳಸಬಾರದ ಕೃತಕ ಕೆಂಪು ಬಣ್ಣ ಸಿಕ್ಕಿದ್ದಕ್ಕೆ ಭಾರತದ ಖಾರದ ಪುಡಿಯ ಮೇಲೆ ಯುರೋಪು ಕಡ್ಡಾಯ ತಪಾಸಣೆ ಹೇರಿತ್ತು.

ಪ್ರಶ್ನೆ: ದರ ಬರುವವರೆಗೆ ಮನೆಯಲ್ಲಿಡಬಹುದೇ, ಶೀತಲಗೃಹವೇ ಬೇಕೇ? (ಬಳ್ಳಾರಿ)

ಉತ್ತರ: ಒಂದೆರಡು ತಿಂಗಳಾದರೆ ಮನೆ ಸಾಕು. ಕತ್ತಲ ಕೋಣೆಯಲ್ಲಿ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಚೀಲ ಜೋಡಿಸಿ. ಪಕ್ಕದಲ್ಲಿ ಗೊಬ್ಬರ, ಕೀಟನಾಶಕ ಬೇಡ. ಬಳ್ಳಾರಿಯ ಬೇಸಿಗೆಯನ್ನು ದಾಟಿಸಬೇಕಾದರೆ ಶೀತಲಗೃಹವೇ ಸರಿ. 40 ಡಿಗ್ರಿಯ ಸೆಕೆಯಲ್ಲಿ ಬಣ್ಣ ದಿನದಿನಕ್ಕೂ ಮಾಸುತ್ತದೆ, ಹುಳುವೂ ಬೀಳುತ್ತದೆ. ಶೀತಲಗೃಹದಿಂದ ಹೊರತಂದ ಚೀಲವನ್ನು ತಕ್ಷಣ ಬಿಚ್ಚಬೇಡಿ, ತಣ್ಣನೆಯ ಕಾಯಿಗೆ ಬಿಸಿಗಾಳಿ ತಾಗಿದರೆ ನೀರು ಕಟ್ಟುತ್ತದೆ. ಚೀಲದ ನಡುಭಾಗವೂ ಹೊರಗಿನ ತಾಪಕ್ಕೆ ಬರುವವರೆಗೆ ನೆರಳಲ್ಲಿಟ್ಟು, ಆಮೇಲೆ ಬಿಚ್ಚಿ ಗ್ರೇಡ್ ಮಾಡಿ.