ಓದುಗರ ಪ್ರಶ್ನೆ: ಮೆಚ್ಚಲಾಗದ ನಾಯಕನ ಜೊತೆ ಕೊನೆಯ ಪುಟದವರೆಗೆ

ಪ್ರಶ್ನೆ: ಇತ್ತೀಚೆಗೆ ಕರಾಳವಾದ ಸೈಬರ್‌ಪಂಕ್ ಕಾದಂಬರಿಯೊಂದನ್ನು, ಅಂದರೆ ತಂತ್ರಜ್ಞಾನ ಮುಂದುವರಿದೂ ಬದುಕು ಹದಗೆಟ್ಟ ಭವಿಷ್ಯದ ಕತೆಯೊಂದನ್ನು, ಅರ್ಧದವರೆಗೆ ಓದಿ ಕೆಳಗಿಟ್ಟೆ. ಅದರ ನಾಯಕ ಒಬ್ಬ ಹ್ಯಾಕರ್. ನಂಬಿದವರನ್ನೆಲ್ಲ ಮಾರಿಕೊಳ್ಳುತ್ತಾನೆ, ಒಮ್ಮೆಯೂ ಪಶ್ಚಾತ್ತಾಪ ಪಡುವುದಿಲ್ಲ. ಅವನು ಇದ್ದರೇನು ಸತ್ತರೇನು ಎನ್ನಿಸಿಬಿಟ್ಟಿತು. ಇದು ಲೇಖಕರ ಸೋಲೇ ಅಥವಾ ಇಂಥ ಕೃತಿಗಳನ್ನು ಓದುವ ಕ್ರಮ ನನಗೆ ತಿಳಿದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಬೆರೆತುಹೋಗಿವೆ. ನಾಯಕ ಕೆಟ್ಟವನು ಎಂಬುದು ಒಂದು, ಅವನ ಗತಿ ಏನಾದರೂ ಆಗಲಿ ಎನ್ನಿಸಿತು ಎಂಬುದು ಇನ್ನೊಂದು. ಮೊದಲನೆಯದು ಈ ಪ್ರಕಾರದ ಜಾಯಮಾನವೇ ಆಗಿದೆ. ಎರಡನೆಯದಕ್ಕೆ ಮಾತ್ರ ಲೇಖಕರನ್ನು ಕಟಕಟೆಗೆ ಕರೆಯಬಹುದು.

‘ಸೈಬರ್‌ಪಂಕ್’ ಎಂಬುದು ಬ್ರೂಸ್ ಬೆತ್ಕೆ ಅವರ, 1983ರಲ್ಲಿ ಅಚ್ಚಾದ ಸಣ್ಣಕತೆಯೊಂದರ ಶೀರ್ಷಿಕೆ. ಮರುವರ್ಷ ಬಂದ ವಿಲಿಯಂ ಗಿಬ್ಸನ್ ಅವರ ‘ನ್ಯೂರೊಮ್ಯಾನ್ಸರ್’ ಕಾದಂಬರಿ ಆ ಪದಕ್ಕೆ ಒಂದು ಲೋಕವನ್ನೇ ಕಟ್ಟಿಕೊಟ್ಟಿತು. ಅದರ ನಾಯಕ ಕೇಸ್ 24ರ ಹರೆಯದ ಕಳ್ಳ. ಕೆಲಸ ಕೊಟ್ಟವರಿಂದಲೇ ಕದ್ದು ಸಿಕ್ಕಿಬಿದ್ದ ಅವನನ್ನು ಅವರು ಕೊಲ್ಲುವುದಿಲ್ಲ. ವಿಷವಿಕ್ಕಿ ನರಮಂಡಲವನ್ನು ಕೆಡಿಸಿ, ಸೈಬರ್‌ಸ್ಪೇಸ್ ಎಂಬ ಕಂಪ್ಯೂಟರ್ ಜಾಲದ ಲೋಕವನ್ನು ಹೊಗುವ ಶಕ್ತಿಯನ್ನು ಕಿತ್ತುಕೊಂಡು, ಜೀವಂತ ಬಿಡುತ್ತಾರೆ. ಅವನ ಒಳ್ಳೆಯತನವನ್ನು ನಾವು ನಂಬಬೇಕಾಗಿಲ್ಲ, ಆದರೆ ಅವನಿಗೆ ಏನು ಬೇಕು, ಅದಕ್ಕಾಗಿ ಎಷ್ಟು ಹಪಹಪಿಸುತ್ತಾನೆ ಎಂಬುದು ಮೊದಲ ಅಧ್ಯಾಯದಲ್ಲೇ ಮನಸ್ಸಿಗೆ ನಾಟುತ್ತದೆ. ಓದುಗರನ್ನು ಹಿಡಿದಿಡಲು ಆ ಹಪಹಪಿಯೇ ಸಾಕು.

(ಇಂಥವನಿಗೆ ಇಂಗ್ಲಿಷಿನಲ್ಲಿರುವ ‘ಆ್ಯಂಟಿಹೀರೊ’ ಎಂಬ ಹೆಸರನ್ನು ‘ಪ್ರತಿನಾಯಕ’ ಎಂದು ಕನ್ನಡಿಸುವುದು ನನಗೇಕೋ ಒಗ್ಗುವುದಿಲ್ಲ. ಕಾವ್ಯದ ಪ್ರತಿನಾಯಕನಿಗೆ ಎದುರಾಗಿ ನಿಲ್ಲಲು ಒಬ್ಬ ನಾಯಕನಿರುತ್ತಾನೆ. ಇಲ್ಲಿ ನಾಯಕನ ಪೀಠದಲ್ಲಿ ಕುಳಿತವನೇ ಇವನು.)

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಜೊತೆಗಾತಿ ಗುಂಡೇಟು ತಿಂದು ಲಿಫ್ಟಿನ ಮೂಲೆಯಲ್ಲಿ ಕುಸಿದಿದ್ದಾಳೆ. ನಾಯಕ ಮೊಣಕಾಲೂರಿ, ಅವಳ ಕಿವಿಯ ಹಿಂದಿನ ಇಂಪ್ಲಾಂಟನ್ನು ಉಗುರಿನಿಂದ ಎಬ್ಬಿ ತೆಗೆದು, ರಕ್ತವನ್ನು ಅಂಗಿಯ ತೋಳಿಗೆ ಒರೆಸಿ, ಬೆಳಕಿಗೆ ಹಿಡಿದು ಅದರ ಕ್ರಮಸಂಖ್ಯೆ ಓದುತ್ತಾನೆ. ಆಮೇಲೆ ಅವಳ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚುತ್ತಾನೆ. ಇವನಲ್ಲೂ ಇಷ್ಟು ಕರುಣೆ ಉಳಿದಿದೆಯಲ್ಲ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ, ಅವಳ ಕೃತಕ ಕಣ್ಣು ಇನ್ನೂ ರೆಕಾರ್ಡ್ ಮಾಡುತ್ತಿತ್ತೆಂಬುದು ಮುಂದಿನ ಸಾಲಿನಲ್ಲಿ ತಿಳಿಯುತ್ತದೆ. ಅನುಕಂಪ ಅಲ್ಲಿಗೆ ಮುಗಿಯಿತು, ಆದರೂ ಪುಸ್ತಕ ಮುಚ್ಚಲು ಕೈ ಬರುವುದಿಲ್ಲ. ಸತ್ತ ಮೇಲೂ ಕಣ್ಣಿಗೆ ಚಾಕರಿ ತಪ್ಪದ ಆ ನಗರ ಎಂಥದ್ದೆಂದು ತಿಳಿಯಬೇಕೆನ್ನಿಸುತ್ತದೆ.

ಈ ಸಾಹಿತ್ಯ ಪ್ರಕಾರವು ಹಳೆಯ ಅಮೆರಿಕನ್ ಪತ್ತೇದಾರಿ ಕತೆಗಳಿಗೆ ಬಹಳ ಋಣಿ. ಅಲ್ಲಿನ ಪತ್ತೇದಾರ ಒರಟನಾದರೂ ತಾನು ದಾಟದ ಗೆರೆಯೊಂದನ್ನು ಎಳೆದುಕೊಂಡಿರುತ್ತಿದ್ದ. ದೇಹದ ಅಂಗಾಂಗಗಳೇ ಕಂಪನಿಗಳ ಸಾಲದಲ್ಲಿರುವ ಲೋಕದಲ್ಲಿ ಆ ಗೆರೆಯನ್ನು ಉಳಿಸಿಕೊಳ್ಳುವುದು ದುಬಾರಿಯ ಸಂಗತಿಯೆಂದು ಕರಾಳ ಸೈಬರ್‌ಪಂಕ್ ತೋರಿಸುತ್ತದೆ. ಲೇಖಕರು ಸೋಲುವುದು ಬೇರೆ ಕಡೆ. ನಾಯಕನ ಚರ್ಮದ ಜಾಕೆಟ್ಟಿಗೂ ಚುರುಕು ಮಾತಿಗೂ ತಾವೇ ಮರುಳಾಗಿ, ಅವನಿಂದ ಮೋಸಹೋದವರನ್ನು ಹೆಸರೂ ಇಲ್ಲದೆ ಸಾಯಿಸುತ್ತಾರೆ. ಇಲ್ಲವೇ ಇನ್ನೂರನೆಯ ಪುಟದಲ್ಲಿ ಅವನ ದುಃಖದ ಬಾಲ್ಯವನ್ನು ತಂದು ನಮಗೆ ಅನುಕಂಪದ ಲಂಚ ಕೊಡುತ್ತಾರೆ. ಎರಡನೆಯದು ನನಗೆ ಇನ್ನೂ ಅಸಹ್ಯ.

ನೀವು ಬಿಟ್ಟ ಪುಟಕ್ಕೆ ಮರಳಿ, ಅವನು ಮಾರಿಕೊಂಡವರಲ್ಲಿ ಒಬ್ಬರನ್ನಾದರೂ ಲೇಖಕರು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ್ದಾರೆಯೇ ನೋಡಿ. ಚಿತ್ರಿಸಿದ್ದರೆ ಕಾದಂಬರಿಯನ್ನು ಮುಗಿಸಿ. ಇಲ್ಲದಿದ್ದರೆ ಸಂಕೋಚವಿಲ್ಲದೆ ಕೈಬಿಡಿ.

ಪ್ರಶ್ನೆ: ಇಂಥದ್ದೇ ಕಾದಂಬರಿಯೊಂದನ್ನು ನಾನು ಬರೆಯುತ್ತಿದ್ದೇನೆ. ಕೊನೆಯಲ್ಲಿ ನಾಯಕನನ್ನು ತಿದ್ದಲೇಬೇಕೇ?

ಉತ್ತರ: ಬೇಡ. ಆದರೆ ತಿದ್ದಿಕೊಳ್ಳುವ ಅವಕಾಶವೊಂದು ಅವನೆದುರು ನಿಜವಾಗಿ ಬರಲಿ, ಅದನ್ನು ಅವನು ಚೆನ್ನಾಗಿ ಅರಿತೇ ನಿರಾಕರಿಸಲಿ. ಅರಿವಿಲ್ಲದೆ ಜಾರಿದವನಿಗಿಂತ ಲೆಕ್ಕ ಹಾಕಿ ಬೆನ್ನು ತಿರುಗಿಸಿದವನು ಓದುಗರನ್ನು ಹೆಚ್ಚು ದಿನ ಕಾಡುತ್ತಾನೆ.